ಕೆಂಪು ಬಣ್ಣದ ಕೆಳಗೆ ಸಿಕ್ಕ ಕಾರು: ನನ್ನ 1966ರ ಮಸ್ಟ್ಯಾಂಗ್

ನಾನು ಕೊಂಡಾಗ ಕಾರು ಕೆಂಪಗಿತ್ತು. 1966ರ ಫೋರ್ಡ್ ಮಸ್ಟ್ಯಾಂಗ್, ಎರಡು ಬಾಗಿಲಿನ ಹಾರ್ಡ್‌ಟಾಪ್. ನಮ್ಮ ಮನೆ ಇರುವುದು ಮಿಶಿಗನ್ನಿನ ಕ್ಯಾಂಟನ್‌ನಲ್ಲಿ. ಈ ಕಾರು ತಯಾರಾದ ಡಿಯರ್‌ಬಾರ್ನ್ ಇಲ್ಲಿಂದ ಅರ್ಧ ಗಂಟೆ ದಾರಿ. ಮಾರಿದವರು ಹೇಳಿದ್ದು ನಾಲ್ಕು ಮಾತು: ಬಣ್ಣ ಕ್ಯಾಂಡಿಆಪಲ್ ರೆಡ್, ಎಂಜಿನ್ ಫೋರ್ ಬ್ಯಾರೆಲ್ (ಕಾರ್ಬುರೇಟರಿಗೆ ಗಾಳಿ ಹೋಗುವ ನಾಲ್ಕು ಕೊಳವೆ), ನಂಬರ್ಸ್ ಮ್ಯಾಚಿಂಗ್ (ಎಂಜಿನ್ ಮೇಲಿನ ನಂಬರ್ ಕಾರಿನ ನಂಬರಿಗೆ ಹೊಂದುತ್ತದೆ), ಎಲ್ಲಾ ಒರಿಜಿನಲ್. ಆರು ವರ್ಷ ಬಿಚ್ಚಿ ಜೋಡಿಸಿದ ಮೇಲೆ ಆ ನಾಲ್ಕರಲ್ಲಿ ಒಂದೂ ಉಳಿಯಲಿಲ್ಲ.

ಮೊದಲ ದಿನವೇ ಬಾನೆಟ್ ಎತ್ತಿ ವಿನ್ ನಂಬರ್, ಅಂದರೆ ಕಾರಿನ ಗುರುತಿನ ನಂಬರ್, ಓದಿದೆ. ಡ್ರೈವರ್ ಕಡೆ ಫೆಂಡರಿನ ಒಳಗಿನ ತಗಡಿನ ಮೇಲೆ ಅದನ್ನು ಒತ್ತಿರುತ್ತಾರೆ. ನನ್ನದು 6ಎಫ್07ಸಿ ಅಂತ ಶುರುವಾಗುತ್ತದೆ, ಆಮೇಲೆ ಆರು ಅಂಕಿ. 6 ಅಂದರೆ 1966. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. ಸ್ಯಾನ್ ಹೋಸೆ ಆಗಿದ್ದರೆ ಆರ್, ನ್ಯೂಜೆರ್ಸಿಯ ಮೆಟಚನ್ ಆಗಿದ್ದರೆ ಟಿ ಇರುತ್ತಿತ್ತು. 07 ಹಾರ್ಡ್‌ಟಾಪ್. ಕೊನೆಯ ಸಿ ಅಂದರೆ 289 ಕ್ಯೂಬಿಕ್ ಇಂಚಿನ ವಿ8 (ಎಂಟು ಸಿಲಿಂಡರ್ ಎಂಜಿನ್), ಟೂ ಬ್ಯಾರೆಲ್ ಕಾರ್ಬುರೇಟರ್, 200 ಹಾರ್ಸ್‌ಪವರ್. ಫೋರ್ ಬ್ಯಾರೆಲ್ ಆಗಿದ್ದರೆ ಅಲ್ಲಿ ಎ ಇರಬೇಕಿತ್ತು. ಮೇಲೆ ಕೂತಿದ್ದ ಫೋರ್ ಬ್ಯಾರೆಲ್ ಯಾರೋ ಆಮೇಲೆ ಹಾಕಿಸಿದ್ದು. ವಿ8 ಅನ್ನುವುದಾದರೂ ಸರಿ ಇತ್ತು. ಚಕ್ರಕ್ಕೆ ಐದು ನಟ್ಟು ಇದ್ದವು. ಆರು ಸಿಲಿಂಡರ್ ಮಸ್ಟ್ಯಾಂಗಿಗೆ ನಾಲ್ಕೇ ನಟ್ಟು. ಆರು ಸಿಲಿಂಡರ್ ಕಾರಿಗೆ ವಿ8 ಕೂರಿಸಿ ಮಾರುವವರು ಎಷ್ಟೋ ಸಲ ಚಕ್ರದ ಹತ್ತಿರವೇ ಸಿಕ್ಕಿಬೀಳುತ್ತಾರೆ.

ಬಾಗಿಲಿನ ಅಂಚಿನಲ್ಲಿ ಇನ್ನೊಂದು ಪ್ಲೇಟ್ ಇರುತ್ತದೆ. ಬಾಡಿ, ಬಣ್ಣ, ಒಳಗಿನ ಸೀಟು, ತಯಾರಿಕೆಯ ತಾರೀಖು, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಎಲ್ಲದರ ಕೋಡೂ ಅದರಲ್ಲಿ. ನನ್ನ ಕಾರಿನ ಪ್ಲೇಟಿನಲ್ಲಿ ಬಣ್ಣದ ಜಾಗದಲ್ಲಿ ಟಿ ಇತ್ತು. ಟಿ ಅಂದರೆ ಕ್ಯಾಂಡಿಆಪಲ್ ರೆಡ್. ಆದರೆ ಅದರ ರಿವೆಟ್‌ಗಳು ಹೊಳೆಯುತ್ತಿದ್ದವು, ಪ್ಲೇಟಿನ ಮೇಲೆ ಐವತ್ತು ವರ್ಷದ ಒಂದು ಗೀರೂ ಇರಲಿಲ್ಲ. ಇಂಥ ಪ್ಲೇಟ್‌ಗಳನ್ನು ಹೊಸದಾಗಿ ಮಾಡಿಕೊಡುತ್ತಾರೆ, ನಾವು ಏನು ಬರೆಯಿರಿ ಅಂತೀವೋ ಅದನ್ನೇ ಒತ್ತಿ ಕೊಡುತ್ತಾರೆ. ಅದನ್ನು ಸಾಕ್ಷಿ ಅಂತ ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ.

1967ರಿಂದ ಈಚಿನ ಫೋರ್ಡ್ ಆಗಿದ್ದರೆ ಕೆಲಸ ಸುಲಭ. ಕೆವಿನ್ ಮಾರ್ಟಿ ಅವರ ಹತ್ತಿರ ಕಂಪನಿಯ ತಯಾರಿಕೆ ದಾಖಲೆ ಇದೆ. ವಿನ್ ನಂಬರ್ ಕೊಟ್ಟು ದುಡ್ಡು ಕಟ್ಟಿದರೆ ಯಾವ ಬಣ್ಣ, ಯಾವ ಆಪ್ಷನ್ ಅಂತ ಪಟ್ಟಿ ಬರುತ್ತದೆ. ನನ್ನ ಕಾರು ಒಂದೇ ಒಂದು ವರ್ಷ ಹಿಂದಿನದು. ಅದಕ್ಕೆ ಅಂಥ ಪಟ್ಟಿ ಇಲ್ಲ. ಹಾಗಾಗಿ ಕಾರನ್ನೇ ಓದಬೇಕಾಯಿತು.

ಅಪ್ಪ ಅರಸೀಕೆರೆಯಲ್ಲಿ ಲಾರಿ ಗ್ಯಾರೇಜು ಇಟ್ಟಿದ್ದವರು. ವಿಡಿಯೋ ಕಾಲಿನಲ್ಲಿ ಕಾರು ತೋರಿಸಿದಾಗ ಅವರು ಕೇಳಿದ್ದು ಎಂಜಿನ್ ಬಗ್ಗೆ ಅಲ್ಲ. "ಬೋಲ್ಟ್ ಬಿಚ್ಚಿದ್ಯೇನೋ? ಬಿಚ್ಚೋ ಮುಂಚೆ ಫೋಟೋ ತೆಗಿ. ಬಿಚ್ಚಿದ್ಮೇಲೆ ಅದರ ಅಡಿ ಬಣ್ಣ ನೋಡು. ಪೇಂಟರ್ ಕೈ ಅಲ್ಲಿಗೆ ಹೋಗಿರಲ್ಲ." ಆ ಮಾತು ಆರು ವರ್ಷವೂ ನನ್ನ ಜೊತೆಗಿತ್ತು.

ಗ್ಲೋವ್ ಬಾಕ್ಸ್ ಬಿಚ್ಚಿ, ಟಾರ್ಚ್ ಹಿಡಿದು, ಡ್ಯಾಶ್‌ಬೋರ್ಡಿನ ಹಿಂದಕ್ಕೆ ತಲೆ ತೂರಿಸಿದೆ. ಅಲ್ಲಿ ಕೆಂಪು ಇರಲಿಲ್ಲ. ಹಸಿರು ಛಾಯೆಯ ಮಂಕು ಚಿನ್ನದ ಬಣ್ಣ ಇತ್ತು. ಹಿಂದಿನ ಕಿಟಕಿ ಪಕ್ಕದ ಪ್ಯಾನೆಲ್ ತೆಗೆದೆ, ಅಲ್ಲೂ ಅದೇ. ಒಂದು ಕಡೆ ಸಿಕ್ಕರೆ ಬೇರೆ ಕಾರಿನ ಭಾಗ ಇರಬಹುದು. ಐದು ಕಡೆ ಸಿಕ್ಕಿತು. 1966ರ ಬಣ್ಣದ ಚಿಪ್‌ಗಳ ಪಕ್ಕ ಇಟ್ಟು ನೋಡಿದಾಗ ಸಾಟರ್ನ್ ಗೋಲ್ಡ್, ಕೋಡ್ ಝಡ್. ಆವತ್ತು ರಾತ್ರಿ ಹೆಂಡತಿಯನ್ನು ಗ್ಯಾರೇಜಿಗೆ ಕರೆದು ತೋರಿಸಿದೆ. "ಕೆಂಪೇ ಚೆನ್ನಾಗಿತ್ತಲ್ರೀ" ಅಂದಳು. ಇಲ್ಲಿ ಕಾರು ನೋಡುವ ಹೆಚ್ಚಿನವರೂ ಹಾಗೇ ಹೇಳುತ್ತಾರೆ. 1966ರಲ್ಲಿ 6,07,568 ಮಸ್ಟ್ಯಾಂಗ್ ತಯಾರಾದವು. ಅವೆಲ್ಲ ಕೆಂಪಗಿರಲಿಲ್ಲ, ಅಲ್ವಾ? ಜನ ಶೋರೂಮಿಗೆ ಹೋಗಿ ಹಸಿರು, ಬೀಜ್, ಚಿನ್ನದ ಬಣ್ಣ ಅಂತ ಆರಿಸಿಕೊಂಡಿದ್ದರು. ಯಾರೋ ಒಬ್ಬರು ಈ ಬಣ್ಣವನ್ನು ಇಷ್ಟಪಟ್ಟು ತಗೊಂಡಿದ್ದರು. ಅದನ್ನು ಅಳಿಸಲು ನನಗೆ ಮನಸ್ಸು ಬರಲಿಲ್ಲ.

ಎಂಜಿನ್ ವಿಷಯಕ್ಕೆ ಬರುತ್ತೇನೆ. ನಂಬರ್ಸ್ ಮ್ಯಾಚಿಂಗ್ ಅನ್ನುವ ಮಾತನ್ನು 1966ರ ಸಿ ಕೋಡ್ ಕಾರಿಗೆ ಹೇಳುವುದೇ ತಪ್ಪು. ಆ ವರ್ಷ ಮಸ್ಟ್ಯಾಂಗಿನಲ್ಲಿ ವಿನ್ ನಂಬರ್ ಒತ್ತುತ್ತಿದ್ದದ್ದು ಕೆ ಕೋಡಿನ 271 ಹಾರ್ಸ್‌ಪವರ್ ಎಂಜಿನ್‌ಗೆ ಮಾತ್ರ. ನನ್ನ ಎಂಜಿನ್ ಮೇಲೆ ಹೋಲಿಸಿ ನೋಡಲು ನಂಬರೇ ಇಲ್ಲ. ಇರುವುದು ಎರಕ ಹೊಯ್ದ ತಾರೀಖು. ಫೋರ್ಡಿನವರು ಅದನ್ನು ವರ್ಷ, ತಿಂಗಳು, ದಿನ ಅಂತ ಬರೆಯುತ್ತಿದ್ದರು. ತಿಂಗಳಿಗೆ ಅಕ್ಷರ: ಎ ಜನವರಿ, ಬಿ ಫೆಬ್ರವರಿ, ಹೀಗೆ. ಐ ಅಕ್ಷರ 1ರ ಥರ ಕಾಣುತ್ತದೆ ಅಂತ ಬಿಟ್ಟು ಸೆಪ್ಟೆಂಬರಿಗೆ ಜೆ ಹಾಕುತ್ತಿದ್ದರು. ಸ್ಟಾರ್ಟರ್ ಬಿಚ್ಚಿ, ಬ್ಲಾಕಿನ ಮೇಲಿನ ಜಿಡ್ಡನ್ನು ವೈರ್ ಬ್ರಷ್ಷಿನಿಂದ ತಿಕ್ಕಿದಾಗ 6ಬಿ9 ಕಂಡಿತು. 1966ರ ಫೆಬ್ರವರಿ 9. ಎರಡೂ ಹೆಡ್‌ಗಳ ತಾರೀಖು ಅದೇ ತಿಂಗಳಿನದು. ಬ್ಲಾಕ್, ಹೆಡ್, ಆಲ್ಟರ್ನೇಟರ್, ಆಕ್ಸಲ್ ಟ್ಯಾಗ್, ಹೀಗೆ ಎಲ್ಲದರ ತಾರೀಖನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಭಾಗದ ತಾರೀಖು ಕಾರಿನ ತಾರೀಖಿಗಿಂತ ಮುಂಚೆ ಇರಬೇಕು, ಸಾಮಾನ್ಯವಾಗಿ ಕೆಲವು ವಾರ ಮುಂಚೆ. ನನ್ನ ಪಟ್ಟಿಯಲ್ಲಿ ಹೆಚ್ಚಿನವು ಜನವರಿ, ಫೆಬ್ರವರಿಯಲ್ಲೇ ಗುಂಪು ಕಟ್ಟಿಕೊಂಡಿದ್ದವು. ಕಾರು ಆ ವರ್ಷದ ಮಾರ್ಚ್ ಸುಮಾರಿಗೆ ತಯಾರಾಗಿದೆ ಅನ್ನುವ ಲೆಕ್ಕಕ್ಕೆ ನಾನು ಬಂದದ್ದು ಹೀಗೆ.

ಎಂಜಿನ್‌ಗೆ ಯಾರೋ ಕಪ್ಪು ಬಣ್ಣ ಹೊಡೆದು, ವಾಲ್ವ್ ಕವರಿಗೆ ಚಿನ್ನದ ಬಣ್ಣ ಕೊಟ್ಟಿದ್ದರು. ಅದು 1965ರ 289ರ ಬಣ್ಣ. 1966ರಿಂದ ಫೋರ್ಡ್ ಎಂಜಿನ್‌ಗಳಿಗೆಲ್ಲ ನೀಲಿ ಬಂತು. ಕಪ್ಪು ಪದರ ಕೆರೆದಾಗ ಕೆಳಗೆ ನೀಲಿ ಇತ್ತು.

ನನಗೆ ತುಂಬಾ ಖುಷಿ ಕೊಟ್ಟದ್ದು ಸ್ಟೀರಿಂಗ್. ಕಾರು ಬಂದಾಗ ಪವರ್ ಸ್ಟೀರಿಂಗ್ ಇರಲಿಲ್ಲ, ಪಾರ್ಕ್ ಮಾಡುವಾಗ ತೋಳು ನೋಯುತ್ತಿತ್ತು. ಸ್ಟೀರಿಂಗ್ ಬಾಕ್ಸಿನ ಬೋಲ್ಟಿಗೆ ಸಿಕ್ಕಿಸಿದ ಚಿಕ್ಕ ಟ್ಯಾಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಓದಿದೆ: ಎಚ್‌ಸಿಸಿ-ಎಎಕ್ಸ್. ಸಾದಾ ಸ್ಟೀರಿಂಗ್ ಆಗಿದ್ದರೆ ಎಚ್‌ಸಿಸಿ-ಎಟಿ ಇರಬೇಕು. ಎಎಕ್ಸ್ ಪವರ್ ಸ್ಟೀರಿಂಗಿನದು. ಆಗಿನ ಮಸ್ಟ್ಯಾಂಗಿನಲ್ಲಿ ಪವರ್ ಅನ್ನುವುದು ಬಾಕ್ಸಿನ ಒಳಗೆ ಇರುತ್ತಿರಲಿಲ್ಲ. ಕಂಟ್ರೋಲ್ ವಾಲ್ವ್, ಆಯಿಲ್ ತಳ್ಳುವ ಸಿಲಿಂಡರ್ ಎರಡೂ ಕಾರಿನ ಅಡಿಯಲ್ಲಿ, ಲಿಂಕಿನ ಹತ್ತಿರ ಹೊರಗೇ ಇರುತ್ತಿದ್ದವು. ಆಯಿಲ್ ಸೋರುವುದು ಅವುಗಳ ಹಳೆ ಕಾಯಿಲೆ. ಸೋರಿಕೆಗೆ ಬೇಸತ್ತು ಯಾರೋ ಎಲ್ಲವನ್ನೂ ಕಿತ್ತು ಸಾದಾ ಲಿಂಕ್ ಹಾಕಿದ್ದಾರೆ, ಬಾಕ್ಸ್ ಮಾತ್ರ ಹಾಗೇ ಬಿಟ್ಟಿದ್ದಾರೆ. ಫ್ರೇಮ್ ರೈಲಿನ ಮೇಲೆ ಸಿಲಿಂಡರಿನ ಬ್ರಾಕೆಟ್ ಕೂತಿದ್ದ ಗುರುತೂ ಸಿಕ್ಕಿತು. ಆ ಭಾಗಗಳನ್ನೆಲ್ಲ ಹಳೇ ಸಾಮಾನಿನ ಸಂತೆಗಳಲ್ಲಿ ಎರಡು ಬೇಸಿಗೆ ಹುಡುಕಿ ತಂದೆ.

ಸಂತೆಯಲ್ಲಿ ಕೊಳ್ಳುವಾಗ ಪಾರ್ಟ್ ನಂಬರ್ ಓದಲು ಬರಬೇಕು. ಸಿ6 ಅಂದರೆ 1966. ಸಿ ಅರವತ್ತರ ದಶಕ, 6 ಆ ದಶಕದ ವರ್ಷ. ಮೂರನೇ ಅಕ್ಷರ ಝಡ್ ಆದರೆ ಮಸ್ಟ್ಯಾಂಗಿಗೆ ಅಂತ ಮಾಡಿದ್ದು. ನಾಲ್ಕನೆಯದೂ ಝಡ್ ಆದರೆ ಅದು ಡೀಲರ್ ಕೌಂಟರಿನಲ್ಲಿ ಸ್ಪೇರ್ ಪಾರ್ಟ್ ಆಗಿ ಮಾರಿದ ನಂಬರ್. ಸಿ6ಝಡ್‌ಝಡ್ ಅಂತ ಡಬ್ಬದ ಮೇಲಿದ್ದರೆ ಸರಿ. ಆದರೆ ಕಾರಿನ ಭಾಗದ ಮೇಲೆ ಎರಕ ಹೊಯ್ದ ನಂಬರ್ ಬೇರೆಯೇ ಇರುತ್ತದೆ. ಇದು ಗೊತ್ತಿಲ್ಲದೆ ಮೊದಲ ವರ್ಷ ಎರಡು ಸರಿಯಾದ ಭಾಗಗಳನ್ನು ತಪ್ಪು ಅಂದುಕೊಂಡು ಬಿಟ್ಟು ಬಂದೆ.

ಡೆಟ್ರಾಯಿಟ್ ಪಬ್ಲಿಕ್ ಲೈಬ್ರರಿಯ ನ್ಯಾಷನಲ್ ಆಟೊಮೋಟಿವ್ ಹಿಸ್ಟರಿ ಕಲೆಕ್ಷನ್‌ನಲ್ಲಿ, ಡಿಯರ್‌ಬಾರ್ನಿನ ಬೆನ್ಸನ್ ಫೋರ್ಡ್ ರಿಸರ್ಚ್ ಸೆಂಟರಿನಲ್ಲಿ ಹಳೆ ಕಾಗದಗಳನ್ನು ನೋಡಲು ಕೂತ ದಿನಗಳು ಚೆನ್ನಾಗಿದ್ದವು. ಬ್ರೋಷರನ್ನು ಮಾತ್ರ ಪೂರ್ತಿ ನಂಬಬಾರದು. ಅದರ ಫೋಟೋಗಳನ್ನು ಎಷ್ಟೋ ಸಲ ಕಾರು ಮಾರಾಟಕ್ಕೆ ಬರುವ ಮುಂಚೆಯೇ ತೆಗೆದಿರುತ್ತಾರೆ. ಚಿಕ್ಕಪುಟ್ಟ ಭಾಗಗಳು ಆಮೇಲೆ ಬದಲಾಗಿರುತ್ತವೆ. ನಾನು ಹೆಚ್ಚು ನಂಬುವುದು ಶಾಪ್ ಮ್ಯಾನ್ಯುಯಲ್ ಮತ್ತು ಯಾರೂ ಬಿಚ್ಚದ ಹಳೆ ಕಾರು. 1966ರಲ್ಲಿ ಎಮರ್ಜೆನ್ಸಿ ಫ್ಲಾಷರ್ ಎಲ್ಲ ಮಸ್ಟ್ಯಾಂಗಿಗೂ ಬಂತು, ಅದರ ಸ್ವಿಚ್ ಗ್ಲೋವ್ ಬಾಕ್ಸಿನ ಒಳಗೆ. ನನ್ನ ಕಾರಿನಲ್ಲಿ ಅದನ್ನು ಕಿತ್ತು ತೂತು ಮುಚ್ಚಿದ್ದರು. ಅದು ಎಲ್ಲಿ ಕೂರಬೇಕು ಅಂತ ನನಗೆ ತೋರಿಸಿದ್ದು ಪಕ್ಕದ ಊರಿನ ಒಬ್ಬ ಅಜ್ಜಿ. ಆಕೆಯ ಮಸ್ಟ್ಯಾಂಗಿಗೆ ಆಕೆಯೇ ಮೊದಲ ಒಡತಿ, ಆ ಕಾರು ಇನ್ನೂ ಆಕೆಯ ಹತ್ತಿರವೇ ಇದೆ.

ತುಕ್ಕಿನ ಕಥೆ ಉದ್ದ, ಒಂದೇ ಹೇಳುತ್ತೇನೆ. ಇಂಥ ಕಾರು ಕೊಳ್ಳುವ ಮುಂಚೆ ವಿಂಡ್‌ಶೀಲ್ಡ್ ಕೆಳಗಿನ ಗಾಳಿ ಜಾಲರಿಗೆ ನೀರು ಹಾಕಿ, ಡ್ಯಾಶ್‌ಬೋರ್ಡ್ ಅಡಿ ನೋಡಿ. ಆ ಜಾಲರಿಯ ಜಾಗವನ್ನು ಕೌಲ್ ಅನ್ನುತ್ತಾರೆ. ಎಲೆ ಕೊಳೆತು, ಒಳಗೆ ತುಕ್ಕು ಹಿಡಿದು, ನೀರು ಸೀದಾ ಕಾಲಿನ ಹತ್ತಿರ ಬೀಳುತ್ತದೆ. ನನ್ನದರಲ್ಲಿ ಎರಡೂ ಕಡೆ ಸುರಿಯಿತು. ಅದನ್ನು ಸರಿಮಾಡಲು ನೂರಕ್ಕೂ ಹೆಚ್ಚು ಸ್ಪಾಟ್ ವೆಲ್ಡ್‌ಗಳನ್ನು ಡ್ರಿಲ್ ಮಾಡಿ ತಗಡು ಎತ್ತಬೇಕಾಯಿತು. ಒಂದಿಡೀ ಚಳಿಗಾಲ ಅದಕ್ಕೇ ಹೋಯಿತು.

ಹೋದ ಮೇ ತಿಂಗಳಲ್ಲಿ ಸಾಟರ್ನ್ ಗೋಲ್ಡ್ ಹೊಡೆಸಿದೆ. ಎಂಜಿನ್ ಜಾಗಕ್ಕೆ, ಕಾರ್ಖಾನೆಯಲ್ಲಿ ಇದ್ದ ಹಾಗೆ, ಅರೆ ಹೊಳಪಿನ ಕಪ್ಪು. ಬಾಗಿಲಿನ ಸುಳ್ಳು ಪ್ಲೇಟ್ ತೆಗೆದಿದ್ದೇನೆ, ಇನ್ನೊಂದು ಮಾಡಿಸಿಲ್ಲ. ಅದರ ಬದಲು ತಾರೀಖುಗಳ ನೋಟ್‌ಬುಕ್ ಗ್ಲೋವ್ ಬಾಕ್ಸಿನಲ್ಲಿದೆ. ಗ್ಲೋವ್ ಬಾಕ್ಸಿನ ಹಿಂದೆ, ಮೊದಲು ಟಾರ್ಚ್ ಬಿಟ್ಟು ನೋಡಿದ ಆ ಅಂಗೈ ಅಗಲದ ಜಾಗಕ್ಕೆ ಟೇಪ್ ಹಚ್ಚಿ, ಹೊಸ ಬಣ್ಣ ಬೀಳದ ಹಾಗೆ ಮುಚ್ಚಿಸಿದ್ದೆ. 1966ರ ಬಣ್ಣ ಅಲ್ಲಿ ಹಾಗೇ ಇದೆ.