ನನ್ನ ಐಪಾಡ್ ಕಲಬುರಗಿ ಬಿಸಿಲು ದಾಟಿದ್ದು ಹೀಗೆ

ಈ ಸಲದ ಮೇ ತಿಂಗಳು ಮುಗಿಯಿತು. ಆಪಲ್ ಕಂಪನಿಯ ಹಾಡು ಕೇಳುವ ಡಬ್ಬಿ, ನನ್ನ ಹಳೆಯ ಐಪಾಡ್, ಇನ್ನೂ ಹಾಡುತ್ತಿದೆ. ಬ್ಯಾಟರಿ ಉಬ್ಬಿಲ್ಲ, ಪರದೆ ಮೇಲೆ ಕಲೆ ಬಿದ್ದಿಲ್ಲ, ಸೇಡಂ ರಸ್ತೆಯ ಗುಂಡಿಗಳಲ್ಲಿ ಹಾಡು ನಿಂತಿಲ್ಲ. ಅದರ ಹಾರ್ಡ್ ಡಿಸ್ಕ್ ತೆಗೆದು ಮೆಮೊರಿ ಕಾರ್ಡ್, ಹೊಸ ಬ್ಯಾಟರಿ ಹಾಕುತ್ತೇನೆ ಅಂದಾಗ ‘ಇದು ಆಗೋ ಕೆಲಸ ಅಲ್ಲ ಬಿಡ್ರಿ’ ಅಂದವರೇ ಈಗ ‘ಹ್ಯಾಂಗ್ ಮಾಡಿದ್ರಿ?’ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಮುಂದೆ ಎರಡು ಮಾತು ಬರುತ್ತವೆ: ಐಟ್ಯೂನ್ಸ್ ಅಂದರೆ ಕಂಪ್ಯೂಟರಿನಿಂದ ಐಪಾಡ್‌ಗೆ ಹಾಡು ತುಂಬುವ ಆಪಲ್ ಸಾಫ್ಟ್‌ವೇರ್, ರಿಸ್ಟೋರ್ ಅಂದರೆ ಅದರಿಂದ ಐಪಾಡ್‌ನ ಸಾಫ್ಟ್‌ವೇರ್ ಹೊಸದಾಗಿ ಹಾಕುವುದು.

ನನ್ನದು ಐದನೇ ತಲೆಮಾರಿನ ವಿಡಿಯೊ ಐಪಾಡ್. 2005ರಲ್ಲಿ ಬಂದ ಮಾದರಿ, 30 ಜಿಬಿ, ಬಿಳಿ ಬಣ್ಣ. ‘ಕ್ಲಾಸಿಕ್ ಯಾಕೆ ತಗೊಳ್ಳಲಿಲ್ಲ?’ ಅಂತ ಎಲ್ಲರೂ ಕೇಳುತ್ತಾರೆ. ಇದರ ನಂತರ ಬಂದ ಐಪಾಡ್ ಕ್ಲಾಸಿಕ್ 2014ರವರೆಗೂ ಮಾರಾಟದಲ್ಲಿತ್ತು, ಸೆಕೆಂಡ್ ಹ್ಯಾಂಡ್ ಈಗಲೂ ಜಾಸ್ತಿ ಸಿಗುತ್ತದೆ, ನಿಜ. ಆದರೆ ಅದರ ಮುಂಭಾಗವೂ ಲೋಹ, ಹಿಂಭಾಗವೂ ಲೋಹ. ಬಿಚ್ಚುವಾಗ ಅಂಚು ಡೊಂಕಾಯಿತೋ, ಮತ್ತೆ ಸರಿಯಾಗಿ ಕೂರುವುದೇ ಇಲ್ಲ. ವಿಡಿಯೊ ಐಪಾಡ್‌ನ ಮುಂಭಾಗ ಪ್ಲಾಸ್ಟಿಕ್. ಸ್ವಲ್ಪ ಬಗ್ಗುತ್ತದೆ, ಕ್ಲಿಪ್ ಬಿಡುತ್ತದೆ. ಇನ್ನೊಂದು ಕಾರಣ, ಇದರಲ್ಲಿ ಧ್ವನಿ ಹೊರಡಿಸುವುದು ವುಲ್ಫ್‌ಸನ್ ಕಂಪನಿಯ ಚಿಪ್. ಅದರ ಧ್ವನಿಯ ಬಗ್ಗೆ ಜನ ಏನೇನೋ ಹೇಳುತ್ತಾರೆ. ನನಗೆ ಕೇಳಿಸಿದ ವ್ಯತ್ಯಾಸ ಅಷ್ಟಕ್ಕಷ್ಟೇ. ಸುಮ್ನೆ ಚಿಪ್ ಹೆಸರಿಗೆ ಸಾವಿರಗಟ್ಟಲೆ ಜಾಸ್ತಿ ಕೊಡಬೇಡಿ.

ನಾನು ಇದನ್ನು ಕೊಂಡಿದ್ದು ಹೈದರಾಬಾದ್‌ನ ಒಬ್ಬರಿಂದ, 1,500 ರೂಪಾಯಿ ಚಿಲ್ಲರೆಗೆ. ಹಾರ್ಡ್ ಡಿಸ್ಕ್ ಆಗಲೇ ಟಕ್ ಟಕ್ ಅನ್ನುತ್ತಿತ್ತು. ಆ ಸದ್ದು ಕೇಳಿಸಿಯೇ ಬೆಲೆ ಇಳಿಸಿದೆ. ನನಗೆ ಹೇಗೂ ಆ ಡಿಸ್ಕ್ ಬೇಕಿರಲಿಲ್ಲ.

ಸೂಪರ್ ಮಾರ್ಕೆಟ್‌ ಅನ್ನುವ ಪೇಟೆ ಕಡೆ ಮೊಬೈಲ್ ರಿಪೇರಿ ಮಾಡುವ ಭಾಯಿ ಒಬ್ಬರಿದ್ದಾರೆ. ಕೈ ಬಹಳ ಚೊಕ್ಕ. ಅವರಿಗೆ ತೋರಿಸಿದರೆ ತಿರುಗಿಸಿ ಮುರುಗಿಸಿ ನೋಡಿ ನಕ್ಕರು. ‘ಸರ, ಇದಕ್ಕ ಪಾರ್ಟ್ ಎಲ್ಲಿ ಸಿಗ್ತಾವ್ರಿ? ಗುಜರಿಗಿ ಹಾಕ್ರಿ.’ ಮನೆಯಲ್ಲಿ ಅಣ್ಣನ ಮಗ, ‘ಕಾಕಾ, ಎಲ್ಲಾ ಮೊಬೈಲ್‌ನಾಗೇ ಅದ ಅಲ್ಲ?’ ಅಂದ. ಅದ, ಖರೇ. ಆದರೆ ನಾನು ದಿನಾ ಕಲಬುರಗಿಯಿಂದ ಸೇಡಂಗೆ ಬಸ್ಸಿನಲ್ಲಿ ಹೋಗಿ ಬರುವವನು. ಮಳಖೇಡದ ಆಚೆ ಈಚೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಡಿನ ನಡುವೆ ಆಫೀಸಿನ ಫೋನ್ ಬೇರೆ. ನನಗೆ ಬೇಕಿದ್ದು ಹಾಡು ಮಾತ್ರ ಹಾಡುವ, ಯಾರೂ ಫೋನ್ ಮಾಡಲಾಗದ ಒಂದು ಡಬ್ಬಿ.

ಮೊದಲ ಶತ್ರು ಬಿಸಿಲು. ಐಪಾಡ್ ಅನ್ನು 0ಯಿಂದ 35 ಡಿಗ್ರಿ ಒಳಗೆ ಬಳಸಬೇಕು ಅಂತ ಆಪಲ್ ಕಂಪನಿಯೇ ಬರೆದಿತ್ತು. ನಮ್ಮೂರಲ್ಲಿ ಏಪ್ರಿಲ್ ಬಂತೆಂದರೆ ಬೆಳಗ್ಗೆ ಹತ್ತು, ಹತ್ತೂವರೆಗೇ 35 ದಾಟುತ್ತದೆ. ಮಧ್ಯಾಹ್ನ 42, 43. ಎರಡನೇ ಶತ್ರು ರಸ್ತೆ. ಐಪಾಡ್ ಒಂದಷ್ಟು ಹಾಡನ್ನು ಮೆಮೊರಿಗೆ ಎಳೆದುಕೊಂಡು ಡಿಸ್ಕ್ ನಿಲ್ಲಿಸುತ್ತದೆ. ಅದು ಮುಗಿದಾಗ ಮತ್ತೆ ಡಿಸ್ಕ್ ತಿರುಗಿಸುತ್ತದೆ. ಆ ತಿರುಗುವ ಹೊತ್ತಿಗೇ ಬಸ್ಸು ಗುಂಡಿಗೆ ಇಳಿದರೆ ಡಿಸ್ಕ್‌ನ ಕಥೆ ಮುಗಿದಂತೆ. ಹಾಗಾಗಿ ಡಿಸ್ಕ್ ತೆಗೆದು ತಿರುಗುವ ಭಾಗವೇ ಇಲ್ಲದ ಎಸ್‌ಡಿ ಕಾರ್ಡ್ ಹಾಕುವುದು ನನಗೆ ಶೋಕಿ ಆಗಿರಲಿಲ್ಲ, ಬೇರೆ ದಾರಿಯೇ ಇರಲಿಲ್ಲ.

ಡಿಸ್ಕಿನ ಜಾಗದಲ್ಲಿ ಕಾರ್ಡ್ ಕೂರಿಸಲು ಒಂದು ಅಡಾಪ್ಟರ್ ಬೇಕು. ಮೊದಲು ತರಿಸಿದ್ದು ಹೆಸರಿಲ್ಲದ ಅಗ್ಗದ ಅಡಾಪ್ಟರ್. ಸುಮಾರು 800 ರೂಪಾಯಿ. ರಿಸ್ಟೋರ್ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಕೇಬಲ್ ಬದಲಿಸಿದೆ, ಲ್ಯಾಪ್‌ಟಾಪ್ ಬದಲಿಸಿದೆ, ಕಾರ್ಡ್ ಬದಲಿಸಿದೆ. ಒಮ್ಮೆ ಪೂರ್ತಿ ಆಗಿ ನಾಲ್ಕು ಹಾಡು ಹಾಡಿ, ಏನೋ ಕೆಟ್ಟಿದೆ ಅನ್ನುವ ಅಳುಮೋರೆಯ ಐಪಾಡ್ ಚಿತ್ರ ಪರದೆ ಮೇಲೆ ಬಂತು. ಕೊನೆಗೆ ಅದರ ರಿಬ್ಬನ್ (ತೆಳು ಪಟ್ಟಿಯಂಥ ತಂತಿ) ಕೂರುವ ಸಾಕೆಟ್‌ನ ಲಾಕೇ ಮುರಿದು ಕೈಗೆ ಬಂತು. ಅಲ್ಲಿಗೆ 800 ರೂಪಾಯಿ ಹೋಯಿತು.

ಆಮೇಲೆ ಐಫ್ಲ್ಯಾಶ್ ಸೋಲೊ ಅನ್ನುವ ಅಡಾಪ್ಟರ್ ತರಿಸಿದೆ. ಹೊರದೇಶದಿಂದ ಬರಬೇಕು. ಅಂಚೆ ಖರ್ಚು, ಕಸ್ಟಮ್ಸ್ ಎಲ್ಲ ಸೇರಿ ಮೂರೂವರೆ ಸಾವಿರದ ಹತ್ತಿರ ಬಿತ್ತು. ನನ್ನ ಹೆಂಡತಿಗೆ ಈ ಲೆಕ್ಕ ಇನ್ನೂ ಪೂರ್ತಿ ಗೊತ್ತಿಲ್ಲ. ಆದರೆ ಇದನ್ನು ಹಾಕಿದ ಮೇಲೆ ರಿಸ್ಟೋರ್ ಒಂದೇ ಏಟಿಗೆ ಆಯಿತು. ಅಡಾಪ್ಟರ್‌ನಲ್ಲಿ ಉಳಿತಾಯ ಮಾಡಲು ಹೋಗಬೇಡಿ, ಬೇರೆ ಎಲ್ಲಾದರೂ ಮಾಡಿ.

ಕಾರ್ಡಿನ ವಿಷಯ ಇನ್ನೂ ದೊಡ್ಡದು. 256 ಜಿಬಿ ಅಂತ ಮೇಲೆ ಅಚ್ಚಾಗಿದ್ದ ಒಂದು ಕಾರ್ಡ್ ಬಹಳ ಸೋವಿಯಲ್ಲಿ ಸಿಕ್ಕಿತು. ಹಾಡು ತುಂಬಿದೆ. ಹೆಸರೆಲ್ಲ ಪಟ್ಟಿಯಲ್ಲಿ ಇದೆ. ಒಂದು ಹಂತದವರೆಗೆ ಚೆನ್ನಾಗಿ ಹಾಡುತ್ತದೆ, ಅದರಾಚೆಯ ಹಾಡು ಒತ್ತಿದರೆ ಎರಡು ಸೆಕೆಂಡ್ ಸುಮ್ಮನಿದ್ದು ಮುಂದಿನದಕ್ಕೆ ಜಿಗಿಯುತ್ತದೆ. ಎಚ್‌ಟೂಟೆಸ್ಟ್‌ಡಬ್ಲ್ಯೂ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದು ಕಾರ್ಡ್ ಪೂರ್ತಿ ಬರೆದು, ಮತ್ತೆ ಓದಿ ನೋಡುತ್ತದೆ. ರಾತ್ರಿ ಹಚ್ಚಿ ಮಲಗಿದೆ. ಬೆಳಗ್ಗೆ ನೋಡಿದರೆ ಒಳಗೆ ಇದ್ದದ್ದು 30 ಜಿಬಿ ಚಿಲ್ಲರೆ. ಕಂಪ್ಯೂಟರಿಗೆ 256 ಅಂತ ಸುಳ್ಳು ಹೇಳುವಂತೆ ಕಾರ್ಡಿನ ಚಿಪ್ಪನ್ನೇ ತಿದ್ದಿರುತ್ತಾರೆ. ಮಾರಿದವನು ಫೋನ್ ಎತ್ತಲಿಲ್ಲ. ಈಗ ಯಾವ ಕಾರ್ಡ್ ಬಂದರೂ ಈ ಪರೀಕ್ಷೆ ಆಗದೆ ಐಪಾಡ್ ಒಳಗೆ ಹೋಗುವುದಿಲ್ಲ. ಕೊನೆಗೆ ನಿಂತದ್ದು 128 ಜಿಬಿಯ ಒಂದು ಕಾರ್ಡ್. ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅದೇ ಹೆಸರಿನ ನಕಲಿ ತಂದು ನನ್ನನ್ನೇ ಬೈಯುತ್ತೀರಿ.

128ಕ್ಕಿಂತ ದೊಡ್ಡದು ಹಾಕಿದರೂ ಈ 30 ಜಿಬಿ ಮಾದರಿಗೆ ಹೆಚ್ಚು ಲಾಭವಿಲ್ಲ. ಹಾಡು ಇಡುವ ಜಾಗ ಬೇರೆ, ಕೆಲಸಕ್ಕೆ ಬಳಸುವ ಮೆಮೊರಿ (ರ್ಯಾಮ್) ಬೇರೆ; ಇದರಲ್ಲಿ ಅದು 32 ಎಂಬಿ. ಆಪಲ್‌ನ ಸ್ವಂತ ಸಾಫ್ಟ್‌ವೇರ್‌ನಲ್ಲಿ 20 ಸಾವಿರ ಹಾಡಿನ ಹತ್ತಿರ ಹೋದರೆ ಏದುಸಿರು ಬಿಡುತ್ತದೆ. 60 ಅಥವಾ 80 ಜಿಬಿ ಮಾದರಿ ಸಿಕ್ಕಿದರೆ ಅದರಲ್ಲಿ 64 ಎಂಬಿ ಇರುತ್ತದೆ. ಆಗ ದೊಡ್ಡ ಕಾರ್ಡಿನ ಯೋಚನೆ ಮಾಡಬಹುದು.

ಬಿಚ್ಚುವ ಬಗ್ಗೆ ಒಂದೇ ಮಾತು. ನಮ್ಮ ಮನೆಯಲ್ಲಿ ನೆಲಕ್ಕೆ ಶಹಾಬಾದ್ ಫರ್ಸಿ. ಅದರ ಮೇಲೆ ಬಿಳಿ ಟವೆಲ್ ಹಾಸಿ ಕೂರುತ್ತೇನೆ. ಬೆನ್ನಿನ ಸ್ಟೀಲ್ ತಟ್ಟೆ ಬಿಟ್ಟಿತು ಅಂತ ಖುಷಿಯಲ್ಲಿ ಪೂರ್ತಿ ತೆರೆದರೆ ಮುಗಿಯಿತು. ಬ್ಯಾಟರಿಯ ರಿಬ್ಬನ್ ಒಂದು, ಹೆಡ್‌ಫೋನ್ ಜ್ಯಾಕಿನ ರಿಬ್ಬನ್ ಒಂದು, ಎರಡೂ ಆ ತಟ್ಟೆಗೇ ಅಂಟಿಕೊಂಡಿರುತ್ತವೆ. ಸ್ವಲ್ಪವೇ ಸಂದು ಬಿಟ್ಟು, ಬ್ಯಾಟರಿ ರಿಬ್ಬನ್ನಿನ ಕಂದು ಲಾಕನ್ನು ಉಗುರಿನಿಂದ ಮೇಲಕ್ಕೆತ್ತಬೇಕು. ಅದು ಒಂದು ಮಿಲಿಮೀಟರ್, ಎರಡು ಮಿಲಿಮೀಟರ್ ಎದ್ದರೆ ಸಾಕು. ಕಿತ್ತು ಬಂದರೆ ಬೋರ್ಡಿಗೇ ಪೆಟ್ಟು. ಡಿಸ್ಕಿನ ರಿಬ್ಬನ್ನಿಗೆ ಬೇರೆ ಲಾಕ್. ಕಪ್ಪು ಪಟ್ಟಿ, ಬಾಗಿಲಂತೆ ಮಡಚಿ ಏಳುತ್ತದೆ. ಅಂಚು ಗೀರಿಲ್ಲದೆ ತಟ್ಟೆ ಬಿಡಿಸುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಅದು ಎದುರಿಗೆ ಕೂತು ನೋಡುವ ಕೆಲಸ, ಬರೆದರೆ ತಿಳಿಯುವುದಿಲ್ಲ.

ಬ್ಯಾಟರಿ ನನ್ನ ಬಹಳ ದುಡ್ಡು ತಿಂದಿತು. ಮೊದಲು ಹಾಕಿದ್ದು ಹಳೆಯ ಅಳತೆಯದೇ ತೆಳು ಬ್ಯಾಟರಿ. ‘ಹೊಸದು’ ಅಂತ ಬಂದಿತ್ತು, ಎಷ್ಟು ವರ್ಷ ಗೋದಾಮಿನಲ್ಲಿ ಬಿದ್ದಿತ್ತೋ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸ್ಕೂಟರ್ ಡಿಕ್ಕಿಯಲ್ಲಿ ಇದ್ದದ್ದಷ್ಟೇ, ಬೆನ್ನಿನ ತಟ್ಟೆ ಒಂದು ಕಡೆ ಎದ್ದು ನಿಂತಿತು. ಪರದೆಯಲ್ಲಿ ಬೆಳ್ಳಗೆ ಮಚ್ಚೆ. ಪರದೆಯೂ ಹೋಯಿತು, ಇನ್ನೊಂದು ಸಾವಿರ. ಉಬ್ಬಿದ ಬ್ಯಾಟರಿಯನ್ನು ಲೋಹದ ಚಾಕುವಿನಿಂದ ಎಬ್ಬಿಸಲು ಹೋಗಬೇಡಿ, ತೂತು ಬಿದ್ದರೆ ಹೊತ್ತಿಕೊಳ್ಳುತ್ತದೆ.

ಈಗ ಒಳಗಿರುವುದು 2000 ಎಂಎಎಚ್ ಆಸುಪಾಸಿನದು. ಡಿಸ್ಕ್ ಇದ್ದ ಜಾಗ ಖಾಲಿ ಆಗಿದೆಯಲ್ಲ, ಅಡಾಪ್ಟರ್ ತೆಗೆದುಕೊಳ್ಳುವುದು ಅದರಲ್ಲಿ ಸ್ವಲ್ಪವೇ. ಉಳಿದದ್ದೆಲ್ಲ ಬ್ಯಾಟರಿಗೆ. ಬೋರ್ಡಿಗೂ ಬ್ಯಾಟರಿಗೂ ನಡುವೆ ಒಂದು ತುಂಡು ಇಟ್ಟಿದ್ದೇನೆ. ಬಿಸಿ ತಡೆಯುವುದು ಅದೇ, ಅಲುಗಾಟ ತಡೆಯುವುದೂ ಅದೇ. ಏನದು ಅಂತ ಕೇಳಬೇಡಿ. ಹತ್ತು ರೂಪಾಯಿಗೆ ನಮ್ಮ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತದೆ. ಹೊಸದಿದ್ದಾಗ ಈ ಮಾದರಿ 14 ಗಂಟೆ ಹಾಡುತ್ತದೆ ಅಂತ ಕಂಪನಿ ಹೇಳಿತ್ತು. ನನ್ನದು 40 ಗಂಟೆಗೆ ಮೋಸವಿಲ್ಲ. ವಾರಕ್ಕೊಮ್ಮೆ ಚಾರ್ಜ್. ಚಾರ್ಜ್ ಆಗುವುದಕ್ಕೆ ಮಾತ್ರ ರಾತ್ರಿ ಪೂರ್ತಿ ಬೇಕು. ಬ್ಯಾಟರಿ ಚಿತ್ರ ತೋರಿಸುವ ಮಟ್ಟವನ್ನೂ ನಂಬಬೇಡಿ. ಖಾಲಿ ಅಂತ ಕೆಂಪು ತೋರಿಸಿದ ಮೇಲೂ ಸೇಡಂಗೆ ಹೋಗಿ ಬರುತ್ತೇನೆ.

ಇಷ್ಟಾದ ಮೇಲೆ ಸುಮ್ಮನೆ ಕೂರಬೇಕಿತ್ತು, ಕೈ ಕೇಳಲಿಲ್ಲ. ಆಪಲ್‌ನದರ ಬದಲು ಐಪಾಡ್ ನಡೆಸುವ ರಾಕ್‌ಬಾಕ್ಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ನೋಡಿದೆ. ಫೈಲನ್ನು ನೇರ ಎಳೆದು ಹಾಕಬಹುದು, ಐಟ್ಯೂನ್ಸ್ ಕಾಟವಿಲ್ಲ, ಧ್ವನಿ ಕೆಡದಂತೆ ಉಳಿಸುವ ಫ್ಲ್ಯಾಕ್ ಫೈಲ್ ಕೂಡ ಹಾಡುತ್ತದೆ. ನನಗೆ ಆಸೆ ಇದ್ದದ್ದು ಬೇರೆ: ಹಾಡಿನ ಹೆಸರು ಕನ್ನಡದಲ್ಲಿ ಕಾಣಬೇಕು ಅಂತ. ಕನ್ನಡ ಅಕ್ಷರ ಇರುವ ಫಾಂಟ್ ಹುಡುಕಿ ಹಾಕಿದೆ. ಅಕ್ಷರ ಬಂತು, ಒತ್ತಕ್ಷರ ಕೂಡಲಿಲ್ಲ. ‘ತತ್ವಪದ’ ಅಂತ ಬರೆದರೆ ‘ತತ್‌ವಪದ’ ಅಂತ ಬಿಡಿಬಿಡಿಯಾಗಿ ನಿಲ್ಲುತ್ತದೆ. ‘ಕಲಬುರಗಿ’ ಮಾತ್ರ ಸುಮಾರಾಗಿ ಓದಲು ಬರುತ್ತಿತ್ತು, ಅದರಲ್ಲಿ ಒತ್ತಕ್ಷರವೇ ಇಲ್ಲವಲ್ಲ! ಹಿಂದಕ್ಕೆ ಬಂದು ಈಗ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇಟ್ಟಿದ್ದೇನೆ. ರಾಕ್‌ಬಾಕ್ಸ್ ಮತ್ತು ಆಪಲ್‌ನದು ಎರಡೂ ಒಂದೇ ಡಬ್ಬಿಯಲ್ಲಿ ಇವೆ. ಹೋಲ್ಡ್ ಗುಂಡಿ ಸರಿಸಿ ಹಚ್ಚಿದರೆ ಒಂದು, ಸರಿಸದಿದ್ದರೆ ಇನ್ನೊಂದು.

ನಿಜಕ್ಕೂ ಇದರೊಳಗೆ ಏನು ಇದೆ ಅಂದರೆ, ಮುಕ್ಕಾಲು ಪಾಲು ಅಪ್ಪನ ಕ್ಯಾಸೆಟ್‌ಗಳು. ಜೇವರ್ಗಿ ಕಡೆಯ ನಮ್ಮೂರಲ್ಲಿ ಅವರದೊಂದು ಭಜನಿ ಮೇಳ ಇತ್ತು. ತತ್ವಪದ, ವಚನ, ಮೊಹರಂ ಬಂದರೆ ರಿವಾಯತ್ ಹಾಡು. ಟೇಪ್ ರೆಕಾರ್ಡರ್ ಇಟ್ಟು ಹಿಡಿದವು. ಹಾರ್ಮೋನಿಯಂ, ತಾಳ, ಮಧ್ಯೆ ಯಾರೋ ಚಹಾ ಕರೆಯುವುದು, ಎಲ್ಲ ಇದೆ. ಇವು ಯಾವ ಮೊಬೈಲ್ ಆ್ಯಪ್‌ನಲ್ಲೂ ಸಿಗುವುದಿಲ್ಲ. ಹಳೆಯ ಡೆಕ್ಕಿನಿಂದ ಲ್ಯಾಪ್‌ಟಾಪಿಗೆ ತಂತಿ ಹಾಕಿ, ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಎಳೆದುಕೊಂಡೆ. ಕ್ಯಾಸೆಟ್‌ನ ಒಂದು ಬದಿ ಮುಗಿಯಲು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬೇಕು, ಅವಸರ ಮಾಡಿದರೆ ಆಗುವುದಿಲ್ಲ. ಸುಂಯ್ ಅನ್ನುವ ಸದ್ದನ್ನು ಪೂರ್ತಿ ತೆಗೆಯಲು ಹೋದರೆ ತಾಳದ ಝಣ ಝಣವೂ ಹೋಗುತ್ತದೆ. ನಾನು ಸ್ವಲ್ಪ ಸುಂಯ್ ಬಿಟ್ಟೇ ಬಿಟ್ಟಿದ್ದೇನೆ.

ಊರಿನ ಗುಡಿಯಲ್ಲಿ ಇದನ್ನು ದೊಡ್ಡ ಆಂಪ್ಲಿಫೈಯರಿಗೆ ಹಚ್ಚಿದ್ದೂ ಇದೆ. ಹೆಡ್‌ಫೋನ್ ತೂತಿನಿಂದ ಕೊಟ್ಟರೆ ಧ್ವನಿ ಸಪ್ಪೆ. ಕೆಳಗೆ ಚಾರ್ಜ್ ಕೇಬಲ್ ಚುಚ್ಚುವ 30 ಪಿನ್ ಜಾಗದಿಂದ ಲೈನ್ ಔಟ್ ತೆಗೆದರೆ ಧ್ವನಿ ಐಪಾಡ್‌ನ ಒಳಗಿನ ವಾಲ್ಯೂಮ್ ದಾಟಿ ನೇರ ಬರುತ್ತದೆ. ಅದಕ್ಕೆ ಬೇಕಾದ ಡಾಕ್ ಕೇಬಲ್ 300 ರೂಪಾಯಿ ಒಳಗೇ ಸಿಕ್ಕಿತು. ಅಪ್ಪನ ಜೊತೆ ಹಾಡುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದು, ‘ತಮ್ಮಾ, ಇದರಾಗ ಕ್ಯಾಸೆಟ್ ಎಲ್ಲಿ ಹಾಕ್ತಿ?’ ಅಂತ ತಿರುಗಿಸಿ ನೋಡಿದರು. ಅವರ ಧ್ವನಿಯೇ ಅದು, ಮೂವತ್ತು ವರ್ಷ ಹಳೆಯದು. ‘ಭಾಳ ಏರಿಸಿ ಹಾಡೀನಿ’ ಅಂತ ತಾವೇ ತಮ್ಮ ತಪ್ಪು ಹಿಡಿದರು.

ಖರ್ಚಿನ ಲೆಕ್ಕ ಕೇಳುವವರಿಗೆ: ಉಳಿದದ್ದು, ಹಾಳಾದದ್ದು ಎಲ್ಲ ಸೇರಿದರೆ ಒಂಬತ್ತು, ಒಂಬತ್ತೂವರೆ ಸಾವಿರ ಆಗಿರಬೇಕು. ಅಗ್ಗದ ಅಡಾಪ್ಟರ್, ನಕಲಿ ಕಾರ್ಡ್, ಉಬ್ಬಿದ ಬ್ಯಾಟರಿ, ಪರದೆ ಬಿಟ್ಟರೆ ಆರೂವರೆಯಲ್ಲಿ ಮುಗಿಯುತ್ತಿತ್ತು. ನೀವು ಆರೂವರೆಯಲ್ಲೇ ಮುಗಿಸಿ.

ರಿಪೇರಿ ಭಾಯಿ ಈಗ ಯಾರಾದರೂ ಹಳೆಯ ಐಪಾಡ್ ತಂದರೆ ನನ್ನ ನಂಬರ್ ಕೊಟ್ಟು ಕಳಿಸುತ್ತಾರೆ. ಪಾರ್ಟ್ ನೀವೇ ತರಬೇಕು, ಕೂಲಿ 500, ಭಾನುವಾರ ಮಾತ್ರ. ಕ್ಲಾಸಿಕ್ ತಂದರೆ ಮುಟ್ಟುವುದಿಲ್ಲ.