ಎಳೆ ಚಂದ್ರನನ್ನು ಹುಡುಕುವ ಮುಂಚೆ ಜಾಗ ನೋಡಿ
ಅಮಾವಾಸ್ಯೆ ಕಳೆದ ಮೇಲಿನ ಮೊದಲ ಗೆರೆ ಚಂದ್ರ ಕಾಣಬೇಕಾದರೆ ಪಶ್ಚಿಮ ದಿಗಂತ ಪೂರ್ತಿ ತೆರೆದಿರಬೇಕು. ಒಂದು ಮರ ಅಡ್ಡ ಬಂದರೂ ಕಷ್ಟ. ಅವನು ಇರುವುದೇ ಅಷ್ಟು ಕೆಳಗೆ ಅಲ್ವಾ? ದಿಗಂತದಿಂದ 5 ಡಿಗ್ರಿ ಎತ್ತರದಲ್ಲಿದ್ದರೆ, ನೆತ್ತಿಯ ಮೇಲಿದ್ದಾಗಿನದಕ್ಕಿಂತ ಸುಮಾರು 10 ಪಟ್ಟು ಗಾಳಿ ದಾಟಿ ಬೆಳಕು ಬರಬೇಕು. ಧೂಳು, ತೇವ ಜಾಸ್ತಿ ಇದ್ದರೆ ಆ ತೆಳು ಗೆರೆ ಅಲ್ಲೇ ಕರಗಿಹೋಗುತ್ತದೆ. ಹಾಗಾಗಿ ಮೇಲಿನ ನೀಲಿ ನಂಬಬೇಡಿ, ಕೆಳಗಿನ ಮಸುಕು ಗಮನಿಸಿ. ಮಳೆ ತೊಳೆದ ಸಂಜೆ, ಎತ್ತರದ ಗುಡ್ಡ ಸಿಕ್ಕರೆ ಬಿಡಲೇಬೇಡಿ.

ಪಶ್ಚಿಮದ ದೇಶದವರಿಗೆ ಅದೇ ದಿನ ಕಂಡು ನಿಮಗೆ ಕಾಣದಿದ್ದರೆ ಬೇಸರ ಬೇಡ. ಅಲ್ಲಿ ಸಂಜೆಯಾಗುವಷ್ಟರಲ್ಲಿ ಚಂದ್ರ ಸೂರ್ಯನಿಂದ ಗಂಟೆಗೆ ಅರ್ಧ ಡಿಗ್ರಿಯಂತೆ ಇನ್ನೂ ದೂರ ಸರಿದಿರುತ್ತಾನೆ.

ಬೈನಾಕ್ಯುಲರ್ ಇದ್ದರೆ ಸೂರ್ಯ ಪೂರ್ತಿ ಮುಳುಗಿದ ಮೇಲಷ್ಟೇ ಎತ್ತಿ, ದಯವಿಟ್ಟು.