ಜನರ ಮೇಲೆ ತೀರ್ಮಾನ ಹೇಳುವ ಎಐ ವ್ಯವಸ್ಥೆಯನ್ನು ಪರಿಶೀಲಿಸುವುದು ಹೇಗೆ: ನನ್ನ ಅನುಭವ

ಸಾಲ ಕೊಡಬಹುದೇ, ಅರ್ಜಿದಾರರನ್ನು ಸಂದರ್ಶನಕ್ಕೆ ಕರೆಯಬಹುದೇ, ಸಹಾಯಧನ ತಡೆಹಿಡಿಯಬೇಕೇ ಎಂಬಂಥ ವಿಷಯಗಳಲ್ಲಿ ಅಂಕ ಕೊಡುವ ಎಐ ವ್ಯವಸ್ಥೆಗಳನ್ನು ಬಳಕೆಗೆ ಬಿಡುವ ಮುನ್ನ ಪರಿಶೀಲಿಸುವುದು ನನ್ನ ಕೆಲಸ. ಕರೆದವರು ಮೊದಲು ಮುಂದಿಡುವುದು ಮಾಡೆಲ್, ಅಂದರೆ ಹಳೆಯ ದಾಖಲೆಗಳಿಂದ ಕಲಿತು ಅಂಕ ಕೊಡುವ ಪ್ರೋಗ್ರಾಂ, ಎಷ್ಟು ನಿಖರ ಎಂಬ ಶೇಕಡಾವಾರು. ನಾನು ಅದನ್ನು ಕೊನೆಗೆ ನೋಡುತ್ತೇನೆ. ಕಾನೂನಿನ ತಕರಾರೂ ನೀತಿಯ ತಕರಾರೂ ಹುಟ್ಟುವುದು ಹೆಚ್ಚಾಗಿ ಮಾಡೆಲಿನ ಗಣಿತದಲ್ಲಲ್ಲ, ಅದರ ಸುತ್ತ ಮನುಷ್ಯರು ಮಾಡಿಟ್ಟ ಆಯ್ಕೆಗಳಲ್ಲಿ: ಏನನ್ನು ಊಹಿಸಲು ಕಲಿಸಿದರು, ಕಟ್-ಆಫ್ ಎಲ್ಲಿಟ್ಟರು, ಅದು ಹೇಳಿದ್ದನ್ನು ತಿರುಗಿಸುವ ಅಧಿಕಾರ ಯಾರಿಗೆ ಕೊಟ್ಟರು.

ಮೊದಲ ದಿನ ತಂಡದಿಂದ ಒಂದೇ ಒಂದು ವಾಕ್ಯ ಬರೆಸಿಕೊಳ್ಳುತ್ತೇನೆ. ಈ ವ್ಯವಸ್ಥೆ ಯಾರ ಬಗ್ಗೆ, ಏನನ್ನು ಊಹಿಸುತ್ತದೆ, ಊಹೆ ತಪ್ಪಾದರೆ ಯಾರಿಗೆ ಏನು ಕೈತಪ್ಪುತ್ತದೆ ಎಂಬುದು ಅದರಲ್ಲಿ ಇರಬೇಕು. ವಾಕ್ಯ ಸುಲಭವಾಗಿ ಕಾಣುತ್ತದೆ, ಆದರೆ ಬಹಳಷ್ಟು ತಂಡಗಳಲ್ಲಿ ಇಂಜಿನಿಯರುಗಳು ಬರೆದದ್ದು ಒಂದು, ಕಾನೂನು ವಿಭಾಗ ಬರೆದದ್ದು ಇನ್ನೊಂದು ಆಗಿರುತ್ತದೆ. ಎರಡೂ ಒಂದಾಗುವವರೆಗೆ ಮುಂದೆ ಹೋಗುವುದಿಲ್ಲ. ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಈ ವಾಕ್ಯವೇ ಹೇಳುತ್ತದೆ. ಐರೋಪ್ಯ ಒಕ್ಕೂಟದ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಅದರ ನಿಷೇಧಗಳು 2025ರ ಫೆಬ್ರವರಿ 2ರಿಂದ ಅನ್ವಯವಾಗಿವೆ. ನೇಮಕಾತಿ, ವ್ಯಕ್ತಿಗಳ ಸಾಲಾರ್ಹತೆ, ಸರ್ಕಾರಿ ಸೌಲಭ್ಯಗಳ ಅರ್ಹತೆ ಅದರಲ್ಲಿ ಹೆಚ್ಚು ಅಪಾಯದ ಪಟ್ಟಿಗೆ ಬರುತ್ತವೆ. ಕೆಲಸದ ಜಾಗದಲ್ಲೋ ಶಾಲೆಯಲ್ಲೋ ಜನರ ಮುಖ ನೋಡಿ ಭಾವನೆ ಅಳೆಯುವ ವ್ಯವಸ್ಥೆಯಾದರೆ, ವೈದ್ಯಕೀಯ ಅಥವಾ ಸುರಕ್ಷತೆಯ ಕಾರಣ ಇಲ್ಲದಿದ್ದಾಗ, ಅದು ಅಲ್ಲಿ ಪೂರ್ತಿ ನಿಷಿದ್ಧ. ನಿಷೇಧ ಮುರಿದರೆ 3.5 ಕೋಟಿ ಯೂರೋ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ 7, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬೇರೆ ದಾರಿ ಹಿಡಿದಿದೆ: ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ದತ್ತಾಂಶ ಬಳಕೆಯಾಗುವಂತಿದ್ದರೆ ಅದು ಪೂರ್ಣವೂ ನಿಖರವೂ ಸುಸಂಗತವೂ ಆಗಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಅದನ್ನು ಬಳಸುವ ಸಂಸ್ಥೆಯ ಮೇಲೆ ಹಾಕುತ್ತದೆ.

ಆಮೇಲೆ ಲೇಬಲ್. ಅಂದರೆ ಮಾಡೆಲಿಗೆ 'ಸರಿ ಉತ್ತರ' ಎಂದು ಕೊಟ್ಟ ಕಾಲಂ. ಪರಿಶೀಲನೆಯ ಸಮಯದಲ್ಲಿ ನಾನು ಹೆಚ್ಚು ಕಳೆಯುವುದು ಇಲ್ಲೇ, ಏಕೆಂದರೆ ಇಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಗಣಿತವೂ ರಿಪೇರಿ ಮಾಡುವುದಿಲ್ಲ. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಒಳ್ಳೆಯ ಪಾಠ. ಅಮೆರಿಕದಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಹೇಳುತ್ತಿದ್ದ ವ್ಯವಸ್ಥೆ ನಿಜವಾಗಿ ಊಹಿಸುತ್ತಿದ್ದದ್ದು ಕಾಯಿಲೆಯನ್ನಲ್ಲ, ಚಿಕಿತ್ಸೆಗೆ ಆಗುವ ಖರ್ಚನ್ನು. ಒಂದೇ ಮಟ್ಟದ ಕಾಯಿಲೆ ಇದ್ದರೂ ಕಪ್ಪು ಜನರಿಗಾಗಿ ಆಗುತ್ತಿದ್ದ ಖರ್ಚು ಕಡಿಮೆ, ಹಾಗಾಗಿ ಅವರು ಆರೋಗ್ಯವಂತರಂತೆ ಕಂಡರು. ಆ ಅಂತರ ಸರಿಪಡಿಸಿದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ರೋಗಿಗಳ ಪಾಲು ಶೇ 17.7ರಿಂದ 46.5ಕ್ಕೆ ಏರುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದರು. ಖರ್ಚನ್ನು ಊಹಿಸುವ ಕೆಲಸವನ್ನು ಆ ಮಾಡೆಲ್ ಚೆನ್ನಾಗಿಯೇ ಮಾಡುತ್ತಿತ್ತು ಎಂಬುದನ್ನು ಗಮನಿಸಿ. ಕೆಟ್ಟದ್ದು ಪ್ರಶ್ನೆ.

ನೇಮಕಾತಿಯಲ್ಲಿ 'ಹಿಂದೆ ಆಯ್ಕೆಯಾದವರು' ಎಂಬುದೇ ಲೇಬಲ್ ಆಗಿದ್ದರೆ ಮಾಡೆಲ್ ಕಲಿಯುವುದು ಒಳ್ಳೆಯ ಕೆಲಸಗಾರ ಯಾರು ಎಂಬುದನ್ನಲ್ಲ, ಹಿಂದಿನ ಮ್ಯಾನೇಜರುಗಳಿಗೆ ಯಾರು ಹಿಡಿಸಿದರು ಎಂಬುದನ್ನು. ಸಾಲದಲ್ಲಿ ಇನ್ನೊಂದು ತೊಡಕಿದೆ. ಸಾಲ ಸಿಗದವರು ಮರುಪಾವತಿ ಮಾಡುತ್ತಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ದತ್ತಾಂಶದಲ್ಲಿ ಅವರ ಸಾಲುಗಳಿಗೆ ಲೇಬಲ್ಲೇ ಇಲ್ಲ. ಆದ್ದರಿಂದ ಪರೀಕ್ಷೆಯ ನಿಖರತೆ ಎಂಬುದು ಈಗಾಗಲೇ ಸಾಲ ಸಿಕ್ಕವರ ಮೇಲಿನ ನಿಖರತೆ ಮಾತ್ರ. ವರದಿಯಲ್ಲಿ ಈ ಮಾತು ಸ್ಪಷ್ಟವಾಗಿ ಬರೆಯಿಸುತ್ತೇನೆ. ಕಟ್-ಆಫಿನ ಕೆಳಗೆ ಸ್ವಲ್ಪವೇ ತಪ್ಪಿದವರಲ್ಲಿ ಕೆಲವರನ್ನು ಲಾಟರಿಯಂತೆ ಎತ್ತಿ ಸಣ್ಣ ಮೊತ್ತದ ಸಾಲ ಕೊಟ್ಟು ನೋಡುವುದು ಒಂದೇ ಗಟ್ಟಿ ಪರಿಹಾರ. ಹಣಕಾಸು ವಿಭಾಗದವರು ಇದಕ್ಕೆ ಒಪ್ಪುವುದು ಅಪರೂಪ.

'ಲಿಂಗದ ಕಾಲಂ ತೆಗೆದಿದ್ದೇವೆ, ಇನ್ನು ತಾರತಮ್ಯ ಎಲ್ಲಿಂದ ಬಂತು' ಎಂಬುದು ಪ್ರತಿ ಸಲ ಕೇಳುವ ಮಾತು. ಉತ್ತರವನ್ನು ವಾದ ಮಾಡಿ ಹೇಳುವುದಕ್ಕಿಂತ ಪರೀಕ್ಷೆ ಮಾಡಿ ತೋರಿಸುವುದು ಮೇಲು. ಉಳಿದ ಕಾಲಂಗಳನ್ನಷ್ಟೇ ಕೊಟ್ಟು, ಲಿಂಗವನ್ನು ಊಹಿಸುವ ಒಂದು ಪುಟ್ಟ ಮಾಡೆಲ್ ತರಬೇತಿ ಮಾಡಿಸಿ. ಎಯುಸಿ, ಅಂದರೆ ಎರಡು ಗುಂಪುಗಳನ್ನು ಮಾಡೆಲ್ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಳತೆ, 0.5ರ ಆಸುಪಾಸು ಬಂದರೆ ನಾಣ್ಯ ಚಿಮ್ಮಿದಷ್ಟೇ, ಮಾಹಿತಿ ಸೋರುತ್ತಿಲ್ಲ. 0.8 ಬಂದರೆ ತೆಗೆದ ಕಾಲಂ ಬೇರೆ ವೇಷದಲ್ಲಿ ಒಳಗೇ ಇದೆ. ಒಂದೊಂದೇ ಕಾಲಂ ತೆಗೆದು ಮತ್ತೆ ಓಡಿಸಿದರೆ ಯಾವುದು ಹೆಚ್ಚು ಸೋರುತ್ತಿದೆ ಎಂದು ತಿಳಿಯುತ್ತದೆ. ಉದ್ಯೋಗದ ನಡುವಿನ ಬಿಡುವು, ಅಂಚೆ ಸಂಖ್ಯೆ, ಓದಿದ ಕಾಲೇಜು ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ. ಎರಡು ಕಾಲಂಗಳು ಒಂದನ್ನೊಂದು ಮುಚ್ಚಿಡುವುದೂ ಉಂಟು. ಒಂದೊಂದಾಗಿ ತೆಗೆದಾಗ ಎಯುಸಿ ಇಳಿಯದಿದ್ದರೆ ಜೋಡಿಯಾಗಿ ತೆಗೆದು ನೋಡಬೇಕು. ಸಿಕ್ಕಿದ್ದನ್ನೆಲ್ಲ ಕಿತ್ತುಹಾಕಿ ಎನ್ನುವುದಿಲ್ಲ. ಕೆಲಸಕ್ಕೆ ನೇರ ಸಂಬಂಧ ಇರುವ ಕಾಲಂ ಉಳಿಯಬಹುದು, ಆ ಸಂಬಂಧವನ್ನು ಬರಹದಲ್ಲಿ ಸಮರ್ಥಿಸಿದರೆ.

ಈ ಪರೀಕ್ಷೆಗೇ ಲಿಂಗ, ಜನಾಂಗದಂಥ ಮಾಹಿತಿ ಬೇಕು ಎಂಬುದು ಇಲ್ಲಿನ ವಿಚಿತ್ರ. ಖಾಸಗಿತನ ಕಾಪಾಡಲು ಅದನ್ನು ಸಂಗ್ರಹಿಸದೇ ಬಿಟ್ಟ ಸಂಸ್ಥೆಗೆ ತನ್ನ ತಾರತಮ್ಯ ತನಗೇ ಕಾಣುವುದಿಲ್ಲ. ಐರೋಪ್ಯ ಕಾಯ್ದೆಯ 10ನೇ ವಿಧಿ ಈ ಗಂಟನ್ನು ಸ್ವಲ್ಪ ಸಡಿಲಿಸಿದೆ: ಹೆಚ್ಚು ಅಪಾಯದ ವ್ಯವಸ್ಥೆಯಲ್ಲಿ ಪಕ್ಷಪಾತ ಪತ್ತೆ ಮಾಡಿ ಸರಿಪಡಿಸಲು, ಬೇರೆ ದಾರಿಯೇ ಇಲ್ಲದಾಗ, ಕಟ್ಟುನಿಟ್ಟಿನ ರಕ್ಷಣೆಯೊಂದಿಗೆ ಸೂಕ್ಷ್ಮ ಮಾಹಿತಿ ಬಳಸಲು ಬಿಡುತ್ತದೆ. ನಾನು ಹೇಳುವ ವ್ಯವಸ್ಥೆ ಇಷ್ಟು: ಆ ಕಾಲಂಗಳು ಬೇರೆ ಡೇಟಾಬೇಸಿನಲ್ಲಿರಲಿ, ಮಾಡೆಲ್ ಕಟ್ಟುವವರಿಗೆ ಅದರ ಕೀ ಇರಬಾರದು, ಪರೀಕ್ಷಕರಿಗೆ ಒಟ್ಟು ಅಂಕಿ ಮಾತ್ರ ಹೊರಬರಲಿ.

ಇನ್ನು ನ್ಯಾಯದ ಅಳತೆ. ಮೊದಲು ನೋಡುವುದು ಆಯ್ಕೆಯ ಪ್ರಮಾಣಗಳ ಅನುಪಾತ. ಅಮೆರಿಕದ 1978ರ ಉದ್ಯೋಗ ಆಯ್ಕೆ ಮಾರ್ಗಸೂಚಿಯಿಂದ ಬಂದ ಐದರಲ್ಲಿ ನಾಲ್ಕರ ನಿಯಮ ಎಲ್ಲರಿಗೂ ಗೊತ್ತು: ಒಂದು ಗುಂಪಿನ ಆಯ್ಕೆ ಪ್ರಮಾಣ ಹೆಚ್ಚು ಆಯ್ಕೆಯಾದ ಗುಂಪಿನದರ ಶೇ 80ಕ್ಕಿಂತ ಕಡಿಮೆಯಾದರೆ ಗಂಟೆ ಬಾರಿಸಬೇಕು. ಆದರೆ ಸಣ್ಣ ಸಂಖ್ಯೆಯಲ್ಲಿ ಇದು ಮೋಸ ಮಾಡುತ್ತದೆ. ಒಂದು ಗುಂಪಿನ 100 ಮಂದಿಯಲ್ಲಿ 60, ಇನ್ನೊಂದರ 20ರಲ್ಲಿ 9 ಆಯ್ಕೆಯಾದರೆ ಅನುಪಾತ 0.75, ನಿಯಮ ಮುರಿಯಿತು. ಎರಡನೇ ಗುಂಪಿನಿಂದ ಇನ್ನೊಬ್ಬರು ಆಯ್ಕೆಯಾದರೆ 0.83, ಪಾಸು. ಒಬ್ಬ ವ್ಯಕ್ತಿಯಿಂದ ತಿರುಗುವ ಫಲಿತಾಂಶವನ್ನು ಸಾಕ್ಷ್ಯ ಎನ್ನಲಾಗದು. ಆದ್ದರಿಂದ ಅನುಪಾತದ ಪಕ್ಕದಲ್ಲಿ ಅದರ ಅನಿಶ್ಚಿತತೆಯ ವ್ಯಾಪ್ತಿಯನ್ನೂ ಬರೆಯಿಸುತ್ತೇನೆ, ಗುಂಪು ತೀರಾ ಚಿಕ್ಕದಾದರೆ ಇನ್ನಷ್ಟು ತಿಂಗಳ ಅರ್ಜಿಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿಸುತ್ತೇನೆ.

ಅನುಪಾತ ಸರಿಯಿದ್ದ ಮೇಲೂ ತಪ್ಪುಗಳು ಯಾರ ಮೇಲೆ ಬೀಳುತ್ತಿವೆ ಎಂಬ ಪ್ರಶ್ನೆ ಉಳಿಯುತ್ತದೆ. ಇಲ್ಲೊಂದು ಗಣಿತದ ಗೋಡೆ ಇದೆ, ಅದನ್ನು ಆಡಳಿತ ಮಂಡಳಿಗೆ ಲೆಕ್ಕ ಹಾಕಿಯೇ ತೋರಿಸಬೇಕು. ಎರಡು ಗುಂಪು, ತಲಾ 1000 ಸಾಲಗಾರರು. ಮೊದಲನೆಯದರಲ್ಲಿ 100 ಮಂದಿ, ಎರಡನೆಯದರಲ್ಲಿ 200 ಮಂದಿ ಸಾಲ ತೀರಿಸುವುದಿಲ್ಲ ಎಂದುಕೊಳ್ಳಿ. ಮಾಡೆಲ್ ಎರಡೂ ಕಡೆ ತೀರಿಸದವರಲ್ಲಿ ಶೇ 70 ಮಂದಿಯನ್ನು ಹಿಡಿಯುತ್ತದೆ. ಅದು 'ಅಪಾಯ' ಎಂದವರಲ್ಲಿ ಎರಡೂ ಕಡೆ ಅರ್ಧದಷ್ಟು ಮಂದಿ ನಿಜಕ್ಕೂ ತೀರಿಸುವುದಿಲ್ಲ. ನೋಡಲು ಸಮಾನವಾಗಿದೆ. ಮೊದಲ ಗುಂಪಿನಲ್ಲಿ 140 ಮಂದಿಗೆ ಅಪಾಯದ ಗುರುತು, ಅದರಲ್ಲಿ 70 ಮಂದಿ ನಿರಪರಾಧಿಗಳು: ಸರಿಯಾಗಿ ತೀರಿಸುವ 900 ಮಂದಿಯಲ್ಲಿ ಶೇ 7.8. ಎರಡನೆಯದರಲ್ಲಿ ಗುರುತು 280 ಮಂದಿಗೆ, ನಿರಪರಾಧಿಗಳು 140: 800ರಲ್ಲಿ ಶೇ 17.5. ಎರಡನೇ ಗುಂಪಿನ ಪ್ರಾಮಾಣಿಕರು ಅನ್ಯಾಯವಾಗಿ ಸಾಲ ಕಳೆದುಕೊಳ್ಳುವ ಸಂಭವ ಎರಡು ಪಟ್ಟಿಗೂ ಹೆಚ್ಚು. ಸಾಲ ತೀರಿಸದವರ ಮೂಲ ಪ್ರಮಾಣ ಎರಡು ಗುಂಪಿನಲ್ಲಿ ಬೇರೆಬೇರೆ ಇರುವಾಗ, ತಪ್ಪೇ ಮಾಡದ ಮಾಡೆಲನ್ನು ಬಿಟ್ಟರೆ, ತೀರಿಸದವರಲ್ಲಿ ಹಿಡಿದವರ ಪಾಲು, ಗುರುತು ಬಿದ್ದವರಲ್ಲಿ ನಿಜಕ್ಕೂ ತೀರಿಸದವರ ಪಾಲು, ನಿರಪರಾಧಿಗಳಲ್ಲಿ ಗುರುತು ಬಿದ್ದವರ ಪಾಲು ಎಂಬ ಈ ಮೂರೂ ಅಳತೆಗಳನ್ನು ಒಟ್ಟಿಗೆ ಸರಿಹೊಂದಿಸಲು ಆಗುವುದೇ ಇಲ್ಲ. ಆರೋಪಿ ಮತ್ತೆ ಅಪರಾಧ ಮಾಡುವ ಸಂಭವ ಎಷ್ಟು ಎಂದು ಹೇಳಲು ಅಮೆರಿಕದ ನ್ಯಾಯಾಲಯಗಳಲ್ಲಿ ಬಳಸುವ ಕಂಪಾಸ್ ಅಂಕಗಳ ಬಗ್ಗೆ 2016ರಲ್ಲಿ ಎದ್ದ ಜಗಳವೂ ಇದೇ. ಟೀಕಿಸಿದವರು ಒಂದು ಅಳತೆ ಹಿಡಿದಿದ್ದರು, ತಯಾರಕರು ಮತ್ತೊಂದು.

ಯಾವ ಅಳತೆಗೆ ಬೆಲೆ ಕೊಡಬೇಕು ಎಂಬುದು ಇಂಜಿನಿಯರ್ ತೀರ್ಮಾನಿಸುವ ವಿಷಯವಲ್ಲ. ಆಯ್ಕೆ ಮಾಡಿದವರ ಹೆಸರು, ಹುದ್ದೆ, ಕಾರಣ, ತಾರೀಖು ಇರುವ ಒಂದು ಪುಟ ನನಗೆ ಬೇಕು. ಸಹಿ ಹಾಕಬೇಕು ಎಂದ ಕೂಡಲೇ ಕಟ್-ಆಫ್ ಬಗ್ಗೆ ಎಂದೂ ಆಗದ ಚರ್ಚೆ ಆಗುವುದನ್ನು ನೋಡಬಹುದು.

ನಂತರ ಬರುವುದು 'ಕೊನೆಯ ತೀರ್ಮಾನ ಮನುಷ್ಯರದ್ದೇ' ಎಂಬ ಸಾಲು. ಇದರ ಹಿಂದೆ ಅಡಗಿ ಕೂರುವುದು ಐರೋಪ್ಯ ಒಕ್ಕೂಟದಲ್ಲಿ ಈಗ ಕಷ್ಟ. ಅಲ್ಲಿನ ದತ್ತಾಂಶ ರಕ್ಷಣಾ ನಿಯಮದ 22ನೇ ವಿಧಿ ಪೂರ್ತಿ ಸ್ವಯಂಚಾಲಿತ ತೀರ್ಮಾನಗಳಿಗೆ ಕಡಿವಾಣ ಹಾಕುತ್ತದೆ. ಜರ್ಮನಿಯಲ್ಲಿ ಜನರ ಸಾಲಾರ್ಹತೆಗೆ ಅಂಕ ಕೊಡುವ ಶೂಫಾ ಸಂಸ್ಥೆಯ ಪ್ರಕರಣದಲ್ಲಿ 2023ರ ಡಿಸೆಂಬರ್ 7ರಂದು ಒಕ್ಕೂಟದ ನ್ಯಾಯಾಲಯ, ಬ್ಯಾಂಕು ಬಹುಮಟ್ಟಿಗೆ ಅಂಕವನ್ನೇ ನೆಚ್ಚಿ ನಡೆದರೆ ಅಂಕ ಕೊಡುವುದೇ ಅಂಥ ತೀರ್ಮಾನ ಎಂದು ಹೇಳಿತು. ಅಂದರೆ ಕುರ್ಚಿಯಲ್ಲಿ ಒಬ್ಬರು ಇದ್ದರೆ ಸಾಲದು, ಅವರು ಯಂತ್ರವನ್ನು ನಿಜವಾಗಿ ಮೀರಬಲ್ಲರೇ ಎಂಬುದು ಪ್ರಶ್ನೆ.

ಇದನ್ನು ಅಳೆಯುವ ಬಗೆ ಹೀಗೆ. 200 ಹಳೆಯ ಕಡತಗಳನ್ನು ತೆಗೆದುಕೊಳ್ಳಿ, ಹೆಸರು ಗುರುತು ಅಳಿಸಿ. ಅವುಗಳಲ್ಲಿ 20ಕ್ಕೆ ಬೇಕೆಂದೇ ತಪ್ಪು ಅಂಕ ಹಾಕಿ, ಅನುಭವಿಯೊಬ್ಬರು ದಾಖಲೆ ಓದಿದರೆ ತಪ್ಪು ಎದ್ದು ಕಾಣುವಂತಿರಲಿ. ದಿನನಿತ್ಯದ ಕೆಲಸದ ವೇಗದಲ್ಲೇ ಪರಿಶೀಲಕರಿಗೆ ಕೊಡಿ. ಫಲಿತಾಂಶ ಯಾವ ನಿಜವಾದ ಅರ್ಜಿದಾರರನ್ನೂ ತಟ್ಟಬಾರದು, ಇಂಥ ಪರೀಕ್ಷೆ ನಡೆಯುವುದುಂಟು ಎಂದು ಸಿಬ್ಬಂದಿಗೆ ಮೊದಲೇ ತಿಳಿಸಿರಬೇಕು, ಯಾವಾಗ ಎಂದು ಮಾತ್ರ ಹೇಳಬಾರದು. 20ರಲ್ಲಿ ಎಷ್ಟು ತಿರುಗಿಸಿದರು, ಒಂದು ಕಡತಕ್ಕೆ ಎಷ್ಟು ನಿಮಿಷ ಕೊಟ್ಟರು ಎಂದು ನೋಡಿ. ಅರ್ಧಕ್ಕಿಂತ ಕಡಿಮೆ ಸಿಕ್ಕಿದರೆ ಆ ಮೇಲ್ವಿಚಾರಣೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಿರುಗಿಸದಿರುವುದಕ್ಕೆ ಕಾರಣ ಸೋಮಾರಿತನ ಅಂತ ಬೇಗ ತೀರ್ಮಾನಿಸಬೇಡಿ. ಹಲವು ಕಡೆ 'ಒಪ್ಪಿಗೆ' ಒಂದೇ ಕ್ಲಿಕ್, 'ಇಲ್ಲ' ಎಂದರೆ ದೊಡ್ಡ ವಿವರಣೆ ಬರೆದು ಮೇಲಧಿಕಾರಿಯ ಸಹಿ ಬೇಕು. ದಿನದ ಗುರಿ ಮುಟ್ಟಬೇಕಾದವರು ಏನು ಮಾಡುತ್ತಾರೆ? ಎರಡೂ ದಾರಿಗೆ ಸಮಾನ ಶ್ರಮ ಮಾಡಿಸಿ. ಇನ್ನೊಂದು ಬದಲಾವಣೆ ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ: ಪರಿಶೀಲಕರು ತಮ್ಮ ಅಭಿಪ್ರಾಯ ದಾಖಲಿಸಿದ ಮೇಲಷ್ಟೇ ಅಂಕ ತೆರೆ ಮೇಲೆ ಬರಲಿ. ಅಂಕ ಮೊದಲೇ ಕಂಡರೆ ಕಣ್ಣು ಅದನ್ನು ಸಮರ್ಥಿಸುವ ಸಾಕ್ಷ್ಯವನ್ನೇ ಹುಡುಕುತ್ತದೆ.

ನಿರಾಕರಣೆಗೆ ಕೊಡುವ ಕಾರಣಗಳ ಪರೀಕ್ಷೆ ಚಿಕ್ಕದು, ಆದರೆ ಬಹಳ ಮಂದಿ ಇಲ್ಲಿ ಎಡವುತ್ತಾರೆ. ಅಮೆರಿಕದ ಸಾಲ ನಿಯಮಗಳ ಪ್ರಕಾರ 'ನಮ್ಮ ಅಂಕಪದ್ಧತಿಯಲ್ಲಿ ಅರ್ಹ ಅಂಕ ಬರಲಿಲ್ಲ' ಎಂದಷ್ಟೇ ಹೇಳಿದರೆ ಕಾರಣ ಕೊಟ್ಟಂತಾಗುವುದಿಲ್ಲ, ನಿರ್ದಿಷ್ಟ ಕಾರಣ ಬೇಕು. ತಂಡಗಳು ಸಾಮಾನ್ಯವಾಗಿ ಶಾಪ್ (SHAP) ಎಂಬ ಗಣಿತ ವಿಧಾನದಿಂದ ಅಂಕದಲ್ಲಿ ಪ್ರತಿ ಕಾಲಂನ ಪಾಲು ಲೆಕ್ಕ ಹಾಕಿ, ಮೇಲಿನ ನಾಲ್ಕನ್ನು ಪತ್ರದಲ್ಲಿ ಅಚ್ಚು ಹಾಕುತ್ತವೆ. ಒಂದಕ್ಕೊಂದು ಅಂಟಿಕೊಂಡ ಕಾಲಂಗಳಿದ್ದರೆ ಪಾಲು ಹಂಚಿಹೋಗಿ ನಿಜವಾದ ಕಾರಣ ಕೆಳಗೆ ಜಾರುತ್ತದೆ. ನಾನು ಪತ್ರದ ಕಾರಣಗಳನ್ನೇ ಹಿಡಿದು ತಿರುಗಿ ಹೋಗುತ್ತೇನೆ: ಆ ನಾಲ್ಕು ಮೌಲ್ಯಗಳನ್ನು ಸಾಲ ಸಿಕ್ಕವರ ಮಧ್ಯದ ಮೌಲ್ಯಕ್ಕೆ ಬದಲಿಸಿ ಮಾಡೆಲನ್ನು ಮತ್ತೆ ಓಡಿಸಿದಾಗ ತೀರ್ಮಾನ ಬದಲಾಗುತ್ತದೆಯೇ? ಬದಲಾಗದಿದ್ದರೆ ಆ ಪತ್ರ ಅರ್ಜಿದಾರರಿಗೆ ಹೇಳುತ್ತಿರುವುದು ಸುಳ್ಳು. ಕಾನೂನಿನ ಕಣ್ಣಿಗೆ ಬಿದ್ದರೂ ಬೀಳದಿದ್ದರೂ ಅದನ್ನು ಕಳಿಸಬಾರದು.

ಲಾಗ್, ಅಂದರೆ ವ್ಯವಸ್ಥೆ ಮಾಡಿದ್ದರ ದಾಖಲೆ, ಅದರ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳುತ್ತೇನೆ: ಹಳೆಯ ಒಂದು ತೀರ್ಮಾನವನ್ನು ಇವತ್ತು ಮತ್ತೆ ಹುಟ್ಟಿಸಿ ತೋರಿಸಿ. ಮಾಡೆಲಿನ ಫೈಲು ಸಿಗುತ್ತದೆ, ಆವತ್ತಿನ ಇನ್‌ಪುಟ್ ಸಿಗುವುದಿಲ್ಲ, ಏಕೆಂದರೆ ಗ್ರಾಹಕರ ದಾಖಲೆ ದಿನವೂ ಬದಲಾಗುತ್ತದೆ. ಆದ್ದರಿಂದ ಮಾಡೆಲ್ ಆ ಕ್ಷಣ ಕಂಡ ಮೌಲ್ಯಗಳ ಪ್ರತಿ, ವರ್ಷನ್, ಆವತ್ತಿನ ಕಟ್-ಆಫ್, ಅಂಕ, ಪರಿಶೀಲಕರ ಗುರುತು, ಅವರ ಮೊದಲ ಅಭಿಪ್ರಾಯ, ಕೊನೆಯ ತೀರ್ಮಾನ, ಸಮಯ ಎಲ್ಲ ಒಟ್ಟಿಗೆ, ತಿದ್ದಲಾಗದ ಕಡೆ ಇರಬೇಕು. ಐರೋಪ್ಯ ಕಾಯ್ದೆ ಹೆಚ್ಚು ಅಪಾಯದ ವ್ಯವಸ್ಥೆಗಳ ಲಾಗ್ ಕನಿಷ್ಠ 6 ತಿಂಗಳು ಇರಬೇಕು ಎನ್ನುತ್ತದೆ. ದಾವೆ ಹೂಡಲು ಇರುವ ಗಡುವು ಅದಕ್ಕಿಂತ ಉದ್ದವಾಗಿರಬಹುದು, ಆ ಗಡುವಿಗೇ ಅವಧಿ ಹೊಂದಿಸಿ. ಅದು ಮುಗಿದ ಮೇಲೆ ಅಳಿಸುವ ಏರ್ಪಾಟೂ ಇರಲಿ.

ಮಾಡೆಲ್ ಹೊರಗಿನಿಂದ ಕೊಂಡದ್ದಾದರೆ ಕರಾರು ಓದದೆ ಬಿಡುವುದಿಲ್ಲ. 2024ರ ಫೆಬ್ರವರಿಯಲ್ಲಿ ಕೆನಡಾದ ನ್ಯಾಯಮಂಡಳಿಯೊಂದು, ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ಕೊಟ್ಟ ತಪ್ಪು ಮಾಹಿತಿಗೆ ಏರ್ ಕೆನಡಾವೇ ಹೊಣೆ ಎಂದಿತು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಜವಾಬ್ದಾರ ಎಂಬಂಥ ವಾದ ಅಲ್ಲಿ ನಿಲ್ಲಲಿಲ್ಲ. ಹೊಣೆ ಕೊಂಡವರ ಮೇಲೇ ಇರುವಾಗ ವರ್ಷನ್ ಬದಲಿಸುವ ಮುನ್ನ ಲಿಖಿತ ಸೂಚನೆ, ಲಾಗ್ ನೋಡುವ ಹಕ್ಕು, ಮೇಲಿನ ಪರೀಕ್ಷೆಗಳನ್ನು ನಡೆಸಲು ಅನುಮತಿ ಕರಾರಿನಲ್ಲಿ ಇರಲೇಬೇಕು. ವ್ಯಾಪಾರ ರಹಸ್ಯ ಎಂದು ಮಾರಾಟಗಾರರು ಮೂರನೆಯದನ್ನು ನಿರಾಕರಿಸಿದರೆ ಆ ವ್ಯವಸ್ಥೆಯನ್ನು ಕೊಳ್ಳಬೇಡಿ ಎಂದೇ ಬರೆಯುತ್ತೇನೆ.

ಕೊನೆಯ ಪರೀಕ್ಷೆ ನಿಲ್ಲಿಸುವುದರದ್ದು. ವ್ಯವಸ್ಥೆಯನ್ನು ಯಾರು, ಯಾರ ಅನುಮತಿಯಿಂದ ನಿಲ್ಲಿಸಬಹುದು ಎಂದು ಕಾಗದದ ಮೇಲೆ ಎಲ್ಲರೂ ಬರೆದಿರುತ್ತಾರೆ. ಕೆಲಸದ ದಿನವೇ ಒಂದು ಪಾಳಿಯ ಮಟ್ಟಿಗೆ ಅದನ್ನು ನಿಲ್ಲಿಸಿ ನೋಡಿ. ಅರ್ಜಿಗಳು ಎಲ್ಲಿ ಸಾಲುಗಟ್ಟುತ್ತವೆ, ಅಂಕವಿಲ್ಲದೆ ಕಡತ ಓದಬಲ್ಲವರು ಇನ್ನೂ ಎಷ್ಟು ಮಂದಿ ಉಳಿದಿದ್ದಾರೆ, ತುರ್ತು ಅರ್ಜಿಗಳಿಗೆ ಬೇರೆ ದಾರಿ ಇದೆಯೇ ಎಂಬುದು ಸಂಜೆಯೊಳಗೆ ಗೊತ್ತಾಗುತ್ತದೆ. ಓದಬಲ್ಲವರು ಸಾಲದಿದ್ದರೆ, ಅವರನ್ನು ತರಬೇತಿ ಮಾಡಿ ಕೂರಿಸುವವರೆಗೆ ಬಳಕೆಗೆ ಬಿಡಲು ನಾನು ಸಹಿ ಹಾಕುವುದಿಲ್ಲ.